ಓಟ ರಕ್ತದಲ್ಲಿ ಉಂಟಾ?

ಉಪಜಿಲ್ಲಾ ಕ್ರೀಡಾಕೂಟ ಹತ್ತಿರ ಬಂತೆಂದರೆ ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಒಂದು ಮಾತು ಕೇಳಿಯೇ ಕೇಳುತ್ತದೆ: "ಓಟ ಅವನ ರಕ್ತದಲ್ಲೇ ಉಂಟು ಮಾಷ್ಟ್ರೇ, ಅಪ್ಪನೂ ಹಾಗೇ ಓಡ್ತಿದ್ದ."

ಪೂರ್ತಿ ಸುಳ್ಳೇನಲ್ಲ. ಫಿನ್ಲೆಂಡಿನ ಈರೊ ಮ್ಯಾಂಟಿರಾಂಟ ಹಿಮದ ಮೇಲೆ ದೂರದ ಸ್ಕೀ ಓಟ ಓಡುತ್ತಿದ್ದವರು. 1964ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದರು. ಅವರ ರಕ್ತದಲ್ಲಿ ಕೆಂಪುಕಣ ಎಷ್ಟು ಹೆಚ್ಚಿತ್ತೆಂದರೆ, ಏನೋ ಮೋಸ ಮಾಡಿದ್ದಾರೆ ಎಂದೇ ಹಲವರ ಗುಮಾನಿ. 1993ರಲ್ಲಿ ಕಾರಣ ಸಿಕ್ಕಿತು. ಕೆಂಪುಕಣ ಹುಟ್ಟಿಸುವ ಹಾರ್ಮೋನಿಗೆ ದೇಹ ಅತಿಯಾಗಿ ಸ್ಪಂದಿಸುವಂತೆ ಅವರ ಒಂದು ಜೀನ್ ಬದಲಾಗಿತ್ತು. ಅವರ ಕುಟುಂಬದ ಹಲವರಲ್ಲೂ ಅದೇ ಬದಲಾವಣೆ ಇತ್ತು. ಆದರೆ ಅವರೆಲ್ಲ ಒಲಿಂಪಿಕ್ಸಿಗೆ ಹೋಗಲಿಲ್ಲ!

ಇನ್ನೊಂದು ಜೀನ್ ಎಸಿಟಿಎನ್3. ಸ್ನಾಯುವಿನ ವೇಗದ ಎಳೆಗಳಿಗೆ ಬೇಕಾದ ಒಂದು ಪ್ರೋಟೀನು ಇದರಿಂದ ತಯಾರಾಗುತ್ತದೆ. ಉನ್ನತ ಮಟ್ಟದ ವೇಗದ ಓಟಗಾರರಲ್ಲಿ ಆ ಪ್ರೋಟೀನು ಇಲ್ಲದವರು ತೀರ ಕಡಿಮೆ ಎಂದು 2003ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಅಲ್ಲಿಂದ ಶುರುವಾಯಿತು ನೋಡಿ ವ್ಯಾಪಾರ. ಮೊನ್ನೆ ಪೋಷಕರೊಬ್ಬರು ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದರು. ಎಂಜಲು ಕಳಿಸಿದರೆ ಮಗು ಯಾವ ಆಟಕ್ಕೆ ಸರಿ ಎಂದು ಹೇಳುತ್ತಾರಂತೆ. ಎಂಟನೆಯ ತರಗತಿಯ ಮಗಳನ್ನು ನೂರು ಮೀಟರಿಗೆ ಬಿಡಬೇಕೋ ಬೇಡವೋ ಎಂದು ಅದರಿಂದ ತೀರ್ಮಾನಿಸುವ ಆಲೋಚನೆ ಅವರದು.

ಬೇಡವೇ ಬೇಡ ಎಂದೆವು. ಲೋಕದಲ್ಲಿ ಐದರಲ್ಲಿ ಸುಮಾರು ನಾಲ್ಕು ಮಂದಿಗೆ ಈ ಪ್ರೋಟೀನು ಇದೆ. ಹಾಗೆ ನೋಡಿದರೆ ನಮ್ಮ ಸ್ಟಾಫ್ ರೂಮಿನಲ್ಲೂ ಬೇಕಾದಷ್ಟು ಮಂದಿಗೆ ಇರಬೇಕು. ಬಸ್ಸಿನ ಹಿಂದೆ ಓಡುವಾಗ ಮಾತ್ರ ಗೊತ್ತಾಗುವುದಿಲ್ಲ! ವೇಗದ ವ್ಯತ್ಯಾಸದಲ್ಲಿ ಈ ಜೀನಿನ ಪಾಲು ನೂರಕ್ಕೆ ಎರಡೋ ಮೂರೋ ಅಷ್ಟೆ. ಆ ಪ್ರೋಟೀನು ಚೂರೂ ಇಲ್ಲದ ಸ್ಪೇನಿನ ಒಬ್ಬ ಲಾಂಗ್ ಜಂಪ್ ಆಟಗಾರ ಒಲಿಂಪಿಕ್ಸಿನಲ್ಲಿ ಹಾರಿದ್ದಾರೆ. ಮಕ್ಕಳ ಪ್ರತಿಭೆ ಹುಡುಕಲು ಇಂಥ ಪರೀಕ್ಷೆ ಬಳಸಬಾರದೆಂದು ಕ್ರೀಡಾ ವಿಜ್ಞಾನಿಗಳೇ 2015ರಲ್ಲಿ ಒಟ್ಟಾಗಿ ಹೇಳಿದ್ದಾರೆ. ಹದಿಮೂರರ ಹುಡುಗಿಗೆ "ನಿನ್ನಿಂದಾಗದು" ಎಂದು ಒಂದು ಕಾಗದ ಹೇಳಿಬಿಟ್ಟರೆ, ಆಮೇಲೆ ಅವಳನ್ನು ಮೈದಾನಕ್ಕೆ ಕರೆತರುವವರು ಯಾರು?

ನಮ್ಮ ಮೈದಾನವೋ, ಅರುವತ್ತು ಮೀಟರಿಗೆ ಮುಗಿಯುತ್ತದೆ. ಆಮೇಲೆ ಮುರಕಲ್ಲಿನ ಪಾಗಾರ. ನೂರು ಮೀಟರ್ ಓಡಬೇಕಾದರೆ ತಿರುಗಲೇಬೇಕು. ಜೀನು ಎಂಥದ್ದೇ ಇರಲಿ, ಆ ತಿರುವಿನಲ್ಲಿ ಎಲ್ಲರ ಸಮಯವೂ ಕೆಡುತ್ತದೆ. ಈ ವರ್ಷವಾದರೂ ಪಕ್ಕದ ಗುಡ್ಡೆ ತಟ್ಟು ಮಾಡಿಸಬೇಕೆಂದು ಪಿ.ಟಿ.ಎ.ಗೆ ಬರೆದಿದ್ದೇವೆ.