ಡೊಳ್ಳು ಕೇಳಿತು, ತಾಳ ಕೇಳಲಿಲ್ಲ

ಸಾಸ್ವೆಹಳ್ಳಿ ಅಂದರೆ ಪೇಪರ್ ಓದುವವರಿಗೆ ಏತ ನೀರಾವರಿ ಯೋಜನೆ ನೆನಪಾಗುತ್ತದೆ. ಕೆರೆ ತುಂಬಿಸುವ ಆ ದೊಡ್ಡ ಪೈಪುಗಳ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ನಾನು ಇಲ್ಲಿ ಹೇಳುತ್ತಿರುವುದು ಒಂದು ಅಡಿಗಿಂತ ಸ್ವಲ್ಪ ಉದ್ದದ ತುಂಡು ಪೈಪಿನ ಕಥೆ.

ನಮ್ಮಪ್ಪ ಮೂವತ್ತು ವರ್ಷ ಡೊಳ್ಳು ಬಾರಿಸಿದವರು. ಹೊನ್ನಾಳಿ, ಚನ್ನಗಿರಿ, ಶಿವಮೊಗ್ಗ ಕಡೆಯ ಜಾತ್ರೆ, ತೇರು, ಬೀರಪ್ಪನ ಹಬ್ಬ ಯಾವುದನ್ನೂ ಬಿಟ್ಟವರಲ್ಲ. ಮಂಡಿ ನೋವು ಶುರುವಾದ ಮೇಲೆ ಡೊಳ್ಳು ಗೋಡೆಯ ಗೂಟಕ್ಕೆ ಹೋಯಿತು. ಆಮೇಲೆ ನಿಧಾನಕ್ಕೆ ಕಿವಿಯೂ ಮಂದವಾಯಿತು. ಆದರೆ ಅದನ್ನು ಅವರು ಒಪ್ಪುತ್ತಿರಲಿಲ್ಲ. "ನನ್ನ ಕಿವಿ ಸರಿಯಾಗೇ ಐತೆ. ನೀವೇ ಬಾಯಲ್ಲಿ ಅವಲಕ್ಕಿ ತುಂಬ್ಕೊಂಡು ಮಾತಾಡ್ತೀರಿ" ಅನ್ನುತ್ತಿದ್ದರು. ಟಿವಿ ಸದ್ದು ಬೀದಿ ಕೊನೆಯವರೆಗೂ ಕೇಳುತ್ತಿತ್ತು. ನಾವು ನಕ್ಕು ಸುಮ್ಮನಾಗುತ್ತಿದ್ದೆವು.

ಅವರ ಮೇಳದ ಹಳೆಯ ರೆಕಾರ್ಡಿಂಗ್ ಒಂದು ಪೆನ್‌ಡ್ರೈವ್‌ನಲ್ಲಿ ಸಿಕ್ಕಿತು. ಯಾರೋ ಒಳ್ಳೆಯ ಮೈಕ್ ಇಟ್ಟು ಮಾಡಿದ್ದು. ಖುಷಿಯಿಂದ ಅದನ್ನು ಮೊಬೈಲ್‌ಗೆ ಹಾಕಿಕೊಂಡು ಅಪ್ಪನ ಕಿವಿ ಹತ್ತಿರ ಹಿಡಿದೆ. ಸ್ವಲ್ಪ ಹೊತ್ತು ಕೇಳಿ ಮುಖ ತಿರುಗಿಸಿದರು. "ಇದು ಡೊಳ್ಳಲ್ಲಪ್ಪ, ಯಾರೋ ಡಬ್ಬ ಬಡಿತಿದಾರೆ."

ಅವರು ಹೇಳಿದ್ದು ತಪ್ಪಲ್ಲ. ಮೊಬೈಲ್‌ನ ಸ್ಪೀಕರ್ ಬೆರಳಿನ ಉಗುರಿನಷ್ಟು ಇರುತ್ತದೆ. ಡೊಳ್ಳಿನ ಎದೆ ನಡುಗಿಸುವ ಕೆಳದನಿ ಅದರಲ್ಲಿ ಬರುವುದೇ ಇಲ್ಲ, ಕೋಲಿನ ಟಕ್ ಟಕ್ ಮಾತ್ರ ಉಳಿಯುತ್ತದೆ. ಆ ದಿನವೇ ಮನೆಯಲ್ಲೇ ಒಂದು ಸಬ್‌ವೂಫರ್ ಡಬ್ಬ ಮಾಡಬೇಕು ಅಂತ ತೀರ್ಮಾನಿಸಿದೆ.

ಹಳೆ ಕಾರಿನಿಂದ ಬಿಚ್ಚಿದ 10 ಇಂಚಿನ ಸಬ್‌ವೂಫರ್ ಶಿವಮೊಗ್ಗದಲ್ಲಿ ಸಿಕ್ಕಿತು. ಆಂಪ್ಲಿಫೈಯರ್ ಬೋರ್ಡ್ ಕೊಂಡೆ. ಚಿಕ್ಕ ಸ್ಪೀಕರ್‌ಗಳು ಮನೆಯ ಹೋಮ್ ಥಿಯೇಟರ್‌ನವೇ ಇದ್ದವು. ಉಳಿದದ್ದು ಡಬ್ಬ.

ಡಬ್ಬ ಯಾಕೆ ಬೇಕು ಅಂತ ಕೇಳಬಹುದು. ಸ್ಪೀಕರ್‌ನ ಕಾಗದದ ಕೋನ್ ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲವಾಗುತ್ತದೆ. ಬರಿಯ ಸ್ಪೀಕರ್ ಇಟ್ಟರೆ ಇವೆರಡೂ ಸುತ್ತಿ ಬಂದು ಒಂದನ್ನೊಂದು ಕೊಲ್ಲುತ್ತವೆ, ಕೆಳದನಿ ಕೇಳುವುದೇ ಇಲ್ಲ. ಡಬ್ಬದಲ್ಲಿ ಕೂರಿಸಿದರೆ ಹಿಂದಿನ ಸದ್ದು ಒಳಗೇ ಉಳಿಯುತ್ತದೆ. ಆ ಸದ್ದನ್ನು ಸುಮ್ಮನೆ ಹಾಳು ಮಾಡುವ ಬದಲು ಒಂದು ಪೈಪಿನಿಂದ ಹೊರಗೆ ತಂದು ಕೆಲಸಕ್ಕೆ ಹಚ್ಚಬಹುದು. ಇದಕ್ಕೆ ಅಮೆರಿಕದ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಸ್ ಅನ್ನುವವರು 1932ರಲ್ಲಿ ಪೇಟೆಂಟ್ ಪಡೆದರು. ಲೆಕ್ಕಾಚಾರವನ್ನು ಹದಕ್ಕೆ ತಂದವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್.

ಸಂಗತಿ ನಮಗೆ ಹೊಸದೇನಲ್ಲ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬೂಂ ಅನ್ನುತ್ತದಲ್ಲ, ಅದೇ ಇದು. ಪೈಪಿನೊಳಗಿನ ಗಾಳಿ ಒಂದು ತೂಕದ ಹಾಗೆ, ಡಬ್ಬದೊಳಗಿನ ಗಾಳಿ ಸ್ಪ್ರಿಂಗ್‌ನ ಹಾಗೆ. ತೊಟ್ಟಿಲಿಗೆ ತನ್ನದೇ ಒಂದು ತೂಗುವ ಲಯ ಇರುವಂತೆ ಈ ಜೋಡಿಗೂ ಒಂದು ಲಯ ಇರುತ್ತದೆ. ಪೈಪ್ ಉದ್ದವಾದರೆ ತೂಕ ಹೆಚ್ಚಿ ದನಿ ಕೆಳಗಿಳಿಯುತ್ತದೆ. ಡಬ್ಬ ದೊಡ್ಡದಾದರೆ ಸ್ಪ್ರಿಂಗ್ ಮೆತ್ತಗಾಗಿ ಆಗಲೂ ದನಿ ಕೆಳಗಿಳಿಯುತ್ತದೆ.

ನಾನು 18 ಮಿ.ಮೀ. ಪ್ಲೈವುಡ್ ತಂದೆ. ಒಳ ಅಳತೆ ಅಗಲ 32, ಎತ್ತರ 42, ಆಳ 44 ಸೆಂ.ಮೀ. ಗುಣಿಸಿದರೆ ಸುಮಾರು 59 ಲೀಟರ್. ಸ್ಪೀಕರ್, ಪೈಪ್, ಮೂಲೆಗೆ ಹೊಡೆದ ರೀಪುಗಳು ತಿನ್ನುವ ಜಾಗ 9 ಲೀಟರ್ ಕಳೆದರೆ ಉಳಿಯುವುದು 50. ಊರಿನ ಬಡಗಿ ಮಾವ ಹಲಗೆಗಳನ್ನು ಮಟ್ಟಸವಾಗಿ ಕೊಯ್ದು ಕೊಟ್ಟರು. ಕೂಡುಗಳಿಗೆ ಫೆವಿಕಾಲ್ ಬಳಿದು ಸ್ಕ್ರೂ ಹಾಕಿದೆ, ಸಂದಿಗೆ ಫೆವಿಕಾಲ್ ಜೊತೆ ಮರದ ಪುಡಿ ಕಲಸಿ ಮೆತ್ತಿದೆ. ಒಣಗಿದ ಮೇಲೆ ಕೆಳದನಿ ಹಾಕಿ ಊದುಬತ್ತಿ ಹಚ್ಚಿಕೊಂಡು ಕೂಡುಗಳ ಉದ್ದಕ್ಕೂ ಹಿಡಿದುಕೊಂಡು ಹೋದೆ. ಹೊಗೆ ನಡುಗಿದಲ್ಲಿ ಗಾಳಿ ಸೋರುತ್ತಿದೆ ಅಂತ ಅರ್ಥ. ಎರಡು ಕಡೆ ಸಿಕ್ಕಿತು, ಮತ್ತೆ ಮೆತ್ತಿದೆ.

ಎಡವಿದ್ದು ಪೈಪಿನಲ್ಲಿ. ತೋಟದಲ್ಲಿ ಬಿದ್ದಿದ್ದ 4 ಇಂಚಿನ ಪಿವಿಸಿ ತುಂಡು 17 ಸೆಂ.ಮೀ. ಇತ್ತು. ಲೆಕ್ಕ ಹಾಕುವ ಗೋಜಿಗೆ ಹೋಗದೆ ಅದನ್ನೇ ಕೂರಿಸಿ ಸದ್ದು ಏರಿಸಿದೆ. ಯಾವ ಪೆಟ್ಟು ಬಿದ್ದರೂ ಒಂದೇ ದನಿ: ಬೊಂಯ್, ಬೊಂಯ್. ಅಟ್ಟದ ಮೇಲಿನ ಪಾತ್ರೆಗಳು ಕುಣಿದವು. ಎರಡೇ ನಿಮಿಷಕ್ಕೆ ಪಕ್ಕದ ಮನೆ ದೊಡ್ಡಮ್ಮ ಬಾಗಿಲಿಗೆ ಬಂದರು. "ಏನಪ್ಪಾ ಇದು? ಒಳಗೆ ಬಾಣಂತಿ ಮಲಗ್ಯಾಳೆ. ಕೂಸು ಬೆಚ್ಚಿ ಬಿದ್ದು ಅಳ್ತೈತೆ."

ನನಗೆ ನಾಚಿಕೆಯಾಯಿತು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಕೆಳದನಿ ಗೋಡೆಗೆ ನಿಲ್ಲುವುದಿಲ್ಲ, ಬಾಗಿಲು ಹಾಕಿದರೂ ನಿಲ್ಲುವುದಿಲ್ಲ. ಗಣಪತಿ ಮೆರವಣಿಗೆಯ ಡಿಜೆ ಬಗ್ಗೆ ಸಿಡಿಮಿಡಿ ಮಾಡುತ್ತಿದ್ದ ನಾನೇ ಮನೆಯಲ್ಲಿ ಅದನ್ನು ಕೂರಿಸಿಕೊಂಡಿದ್ದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ನಿಯಮ ಗೊತ್ತಿತ್ತು. ಕೂಸು ಅತ್ತ ಮೇಲೆ ಅರ್ಥವಾಯಿತು.

ಬಂದ್ ಮಾಡಿ ಕೂತು ಲೆಕ್ಕ ಹಾಕಿದೆ. ಮಾಡುವವರಿಗೆ ಉಪಯೋಗಕ್ಕೆ ಬರಲಿ ಅಂತ ಇಲ್ಲೇ ಹೇಳಿಬಿಡುತ್ತೇನೆ. ಪೈಪಿನ ಒಳ ಅಡ್ಡಳತೆಯನ್ನು ಸೆಂ.ಮೀ.ನಲ್ಲಿ ತಗೊಂಡು ಅದರಿಂದಲೇ ಗುಣಿಸಿ, ಬಂದದ್ದನ್ನು 23,562ರಿಂದ ಗುಣಿಸಿ. ಬೇಕಾದ ಹರ್ಟ್ಜ್ ಅನ್ನು ಅದರಿಂದಲೇ ಗುಣಿಸಿ, ಡಬ್ಬದ ಲೀಟರ್‌ನಿಂದ ಗುಣಿಸಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿ. ಬಂದ ಉತ್ತರದಲ್ಲಿ ಅಡ್ಡಳತೆಯ 0.73 ಪಟ್ಟು ಕಳೆಯಿರಿ. ಉಳಿದದ್ದು ಪೈಪಿನ ಉದ್ದ. 4 ಇಂಚಿನ ಪೈಪಿನ ಹೊರ ಅಳತೆ 110 ಮಿ.ಮೀ. ಇದ್ದರೂ ನನ್ನದರ ಒಳ ಅಳತೆ 10.4 ಸೆಂ.ಮೀ. 50 ಲೀಟರ್ ಡಬ್ಬಕ್ಕೆ 35 ಹರ್ಟ್ಜ್ ಬೇಕೆಂದರೆ ಉತ್ತರ 34 ಸೆಂ.ಮೀ. ನಾನು ಹಾಕಿದ್ದು ಸರಿಯಾಗಿ ಅರ್ಧ! ಹಾಗಾಗಿ ಡಬ್ಬ 45 ಹರ್ಟ್ಜ್ ಆಸುಪಾಸಿನಲ್ಲಿ ಕೂಗುತ್ತಿತ್ತು.

34 ಸೆಂ.ಮೀ. ಪೈಪ್ ಕೊಯ್ದು ಕೂರಿಸಿದೆ. ಪೈಪಿನ ಒಳಬಾಯಿಗೂ ಹಿಂದಿನ ಹಲಗೆಗೂ ನಡುವೆ ಹನ್ನೊಂದು ಸೆಂ.ಮೀ. ಮೇಲೆ ಜಾಗ ಉಳಿಯಿತು. ಪೈಪಿನ ಅಡ್ಡಳತೆಯಷ್ಟಾದರೂ ಅಲ್ಲಿ ಬಿಡಬೇಕು. ಮೊಬೈಲ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ ಪರೀಕ್ಷೆ ಮಾಡಿದೆ. 50ರಿಂದ ಇಳಿಸುತ್ತಾ ಬಂದ ಹಾಗೆ ಕೋನ್ ಕುಣಿತ ಕಡಿಮೆಯಾಗಿ 35ರ ಹತ್ತಿರ ನಿಂತೇಬಿಟ್ಟ ಹಾಗೆ ಕಂಡಿತು. ಆಗ ಪೈಪಿನ ಬಾಯಿಗೆ ಕೈ ಹಿಡಿದರೆ ಗಾಳಿ ಬೀಸುತ್ತಿತ್ತು. ಸ್ಪೀಕರ್ ಸುಮ್ಮನಿದ್ದು ಪೈಪ್ ಹಾಡುವ ಜಾಗವೇ ಸರಿಯಾದ ಜಾಗ. ಅದಕ್ಕಿಂತ ಕೆಳಗೆ ಇಳಿಸಿ ಸದ್ದು ಏರಿಸಬೇಡಿ. ಕೋನ್‌ಗೆ ತಡೆಯೇ ಇರುವುದಿಲ್ಲ, ಹರಿದುಹೋಗುತ್ತದೆ.

ದೊಡ್ಡಮ್ಮನ ಹತ್ತಿರ ಹೋಗಿ ಬಾಣಂತಿ ಎದ್ದಿರುವ ಹೊತ್ತು ಕೇಳಿಕೊಂಡು ಬಂದೆ. ಸಂಜೆ ಐದಕ್ಕೆ ಸಣ್ಣ ಸದ್ದಿನಲ್ಲಿ ರೆಕಾರ್ಡಿಂಗ್ ಹಾಕಿದೆ.

ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಮೊದಲ ಪೆಟ್ಟಿಗೇ ತಲೆ ಎತ್ತಿದರು. ಕೈ ಚಾಚಿ ಡಬ್ಬದ ಮೇಲೆ ಇಟ್ಟರು. ಎಡಗೈ. ಕೋಲಿಲ್ಲದೆ ಬರಿಗೈಯಲ್ಲಿ ಬಾರಿಸುವ ಕೈ ಅದು. ಬೆರಳುಗಳು ತಾವೇ ಲಯ ಹಿಡಿದವು. "ಹಾಂ, ಇದು ಡೊಳ್ಳು" ಅಂದರು. ಆಮೇಲೆ, "ಮೂರನೆಯವನು ಹಿಂದೆ ಬೀಳ್ತಿದಾನೆ ನೋಡು." ನಾವೆಲ್ಲ ನಕ್ಕೆವು, ಯಾಕೆಂದರೆ ಮೂರನೆಯವರು ಅವರೇ.

ಐದು ನಿಮಿಷ ಕೇಳಿ ಅವರು ಒಂದು ಮಾತು ಕೇಳಿದರು. "ಅವತ್ತು ತಾಳದವನು ಬಂದಿರ್ಲಿಲ್ವಾ?"

ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ತಾಳ ಮೊದಲಿನಿಂದಲೂ ಕೋಣೆ ತುಂಬಾ ಝಣಝಣ ಅನ್ನುತ್ತಿತ್ತು.

ಅವ್ವ ಹತ್ತಿರ ಹೋಗಿ ಜೋರಾಗಿ, "ತಾಳ ಬಡಿತಾ ಐತಲ್ರೀ" ಅಂದಳು. ಅಪ್ಪ ಸ್ವಲ್ಪ ಹೊತ್ತು ಕಿವಿಗೊಟ್ಟರು. ಏನೂ ಮಾತಾಡಲಿಲ್ಲ. ಅವಲಕ್ಕಿಯ ಮಾತೂ ಬರಲಿಲ್ಲ. ತಾಳದವರು ಅವರ ಜೀವದ ಗೆಳೆಯ, ಈಗ ಇಲ್ಲ.

ವಯಸ್ಸಿನಿಂದಾಗಲಿ, ಜೋರು ಸದ್ದಿನಿಂದಾಗಲಿ ಕಿವಿ ಕೆಡುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಮೇಲ್ದನಿ. ಸ, ಶ, ತ, ಕ ಅನ್ನುವ ಅಕ್ಷರಗಳ ಸದ್ದೂ ಅಲ್ಲೇ ಇರುತ್ತದೆ. ಅ, ಆ, ಉ ಕೆಳಗಿರುತ್ತವೆ. ಅದಕ್ಕೇ ಇಂಥವರಿಗೆ ಯಾರೋ ಮಾತಾಡುತ್ತಿರುವುದು ಕೇಳುತ್ತದೆ, ಏನು ಅಂತ ತಿಳಿಯುವುದಿಲ್ಲ. ನಾವು ಅವಲಕ್ಕಿ ತುಂಬಿಕೊಂಡು ಮಾತಾಡುತ್ತೇವೆ ಅನ್ನುತ್ತಿದ್ದರಲ್ಲ, ಅವರಿಗೆ ನಿಜವಾಗಿಯೂ ಹಾಗೇ ಕೇಳುತ್ತಿತ್ತು. ನಾವು ನಗುತ್ತಿದ್ದೆವು.

ಮಾರನೆಯ ವಾರ ಅಪ್ಪನೇ ಬಾಯಿಬಿಟ್ಟು, "ಶಿವಮೊಗ್ಗಕ್ಕೆ ಹೋಗಿ ತೋರಿಸ್ಕೊಂಡು ಬರಾಣ" ಅಂದರು. ಪರೀಕ್ಷೆಯ ಕಾಗದದಲ್ಲಿ ಗೆರೆ ಎಡದಿಂದ ಮಟ್ಟಸವಾಗಿ ಬಂದು ಬಲಕ್ಕೆ ಬಾವಿಗೆ ಇಳಿದ ಹಾಗೆ ಇಳಿದಿತ್ತು. ಎಡಕ್ಕೆ ಡೊಳ್ಳು, ಬಲಕ್ಕೆ ತಾಳ. ಈಗ ಎರಡೂ ಕಿವಿಗೆ ಯಂತ್ರ ಬಂದಿದೆ. ಮೊದಲ ತಿಂಗಳು ಪಾತ್ರೆ ಸದ್ದಿಗೂ ಸಿಟ್ಟಾಗುತ್ತಿದ್ದರು, ಈಗ ಒಗ್ಗಿದೆ.

ನಿಮ್ಮ ಮನೆಯಲ್ಲೂ ಟಿವಿ ಸದ್ದು ಏರಿಸುವ, "ಏನಂದೆ?" ಅಂತ ಕೇಳಿ ಕೇಳಿ ಸುಮ್ಮನಾಗುವ ಹಿರಿಯರಿದ್ದರೆ ನಗಬೇಡಿ. ಒಂದು ಸಲ ಕಿವಿ ತೋರಿಸಿ. ಡಬ್ಬ ಮಾಡುವವರು ಮಾಡಿ, ಆದರೆ ಗೋಡೆಯಾಚೆ ಯಾರಿದ್ದಾರೆ ಅಂತ ಕೇಳಿಕೊಂಡು ಸದ್ದು ಇಡಿ.

ಮೊನ್ನೆ ಅದೇ ರೆಕಾರ್ಡಿಂಗ್ ಮತ್ತೆ ಹಾಕಿದೆ. ಪಕ್ಕದ ಮನೆಯ ಕೂಸು ಈಗ ಅಂಬೆಗಾಲಿಡುತ್ತದೆ, ಡಬ್ಬದ ಮುಂದೆಯೇ ಬಂದು ಕೂತಿತ್ತು. ಅಪ್ಪ ಕಣ್ಣು ಮುಚ್ಚಿ ಕೇಳಿದರು.

"ತಾಳದವನು ಸ್ವಲ್ಪ ಓಡ್ತಿದಾನೆ" ಅಂದರು. "ಯಾವಾಗ್ಲೂ ಹಂಗೇ ಅವನು."