ಮೂಗಿನ ಹಿಂದಣ ಕೋಣೆ

ಕಳೆದ ವರ್ಷ ನಮ್ಮ ಮನೆಯಾಕೆಯು ಬಾಗಿಲ ಚೌಕಟ್ಟಿಗೆ ಮೇಲಿಂದ ಮೇಲೆ ಭುಜವನ್ನು ತಗುಲಿಸಿಕೊಳ್ಳತೊಡಗಿದಳು. ಎಲೆಯ ಪಕ್ಕದಲ್ಲಿಟ್ಟ ನೀರಿನ ಲೋಟವು ಅವಳ ಕೈ ತಾಗಿ ಉರುಳುವುದು ದಿನದ ಮಾತಾಯಿತು. ಅವಸರದ ಸ್ವಭಾವವೆಂದು ನಾನು ಗೊಣಗಿದೆನೇ ಹೊರತು, ಆಕೆಗೆ ಎರಡು ಪಕ್ಕಗಳೂ ಮಸುಕಾಗುತ್ತಿವೆಯೆಂದು ಊಹಿಸಲಿಲ್ಲ. ಆ ಗೊಣಗಾಟವು ಈಗಲೂ ನನ್ನನ್ನು ಚುಚ್ಚುತ್ತಿದೆ. ಕಣ್ಣಿನ ವೈದ್ಯರು ಕನ್ನಡಕವನ್ನು ಕೊಡದೆ ತಲೆಯ ಚಿತ್ರವನ್ನು ತೆಗೆಯಿಸಲು ಹೇಳಿದರು. ಪಿಟ್ಯೂಟರಿ ಗ್ರಂಥಿಯಲ್ಲಿ ಗಂಟೊಂದು ಬೆಳೆದು, ಅದರ ಮೇಲೆ ದೃಷ್ಟಿನರಗಳು ಕೂಡುವ ಎಡೆಯನ್ನು ಒತ್ತುತ್ತಿದ್ದಿತು. ಕ್ಯಾನ್ಸರ್ ಅಲ್ಲ, ಆದರೆ ತೆಗೆಯದಿದ್ದರೆ ಕಣ್ಣು ಉಳಿಯುವುದು ಕಷ್ಟವೆಂದರು.

ತಲೆಬುರುಡೆಯನ್ನು ಕೊರೆಯುವರೆಂದು ಹೆದರಿದ್ದ ನಾವು, ಮೂಗಿನೊಳಗಿಂದ ಹೋಗುವರೆಂದು ಕೇಳಿ ಮತ್ತಷ್ಟು ಹೆದರಿದೆವು. ಆದರೆ ಆ ದಾರಿಯು ಹೊಸದಲ್ಲ. ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದಲ್ಲಿ ಷ್ಲೋಫರ್ ಎಂಬ ವೈದ್ಯನು 1907ರಲ್ಲಿಯೇ ಮೂಗಿನ ಮಾರ್ಗವಾಗಿ ಈ ಗ್ರಂಥಿಯನ್ನು ಮುಟ್ಟಿದ್ದನು.

ಮೂಗಿನ ಹಿಂದೆ, ತಲೆಯ ನಟ್ಟನಡುವೆ, ಬೆಣೆಯಂತೆ ಸಿಕ್ಕಿಕೊಂಡ ಮೂಳೆಯೊಂದಿದೆ. ಗ್ರೀಕರಲ್ಲಿ ಬೆಣೆಗೆ ಇರುವ ಪದದಿಂದಲೇ ಅದಕ್ಕೆ ಸ್ಫೀನಾಯ್ಡ್ ಎಂಬ ಹೆಸರು ಬಂದಿತು. ಅದರೊಳಗೆ ಗಾಳಿ ತುಂಬಿದ ಕೋಣೆಯೇ ಸ್ಫೀನಾಯ್ಡ್ ಸೈನಸ್. ಅದರ ಮಾಳಿಗೆಯ ಮೇಲೆ, ಕುದುರೆಯ ಜೀನಿನಂತಹ ತಗ್ಗಿನಲ್ಲಿ, ಗ್ರಂಥಿಯು ಕುಳಿತಿದೆ. ಮೇಲ್ಮೂಲೆಗಳಲ್ಲಿ ದೃಷ್ಟಿನರಗಳು, ಎಡಬಲದ ಗೋಡೆಗಳಲ್ಲಿ ಮಿದುಳಿಗೆ ರಕ್ತವನ್ನೊಯ್ಯುವ ಕೆರಾಟಿಡ್ ಧಮನಿಗಳು. ಇಷ್ಟು ಬೆಲೆಯುಳ್ಳ ವಸ್ತುಗಳನ್ನು ಇಷ್ಟು ತೆಳುವಾದ ಗೋಡೆಗಳ ಆಚೆಗಿರಿಸಲು ನಮ್ಮೂರಿನ ಯಾವ ಮೇಸ್ತ್ರಿಯೂ ಒಪ್ಪನು.

ಹುಟ್ಟಿದ ಕೂಸಿಗೆ ಈ ಕೋಣೆಯು ಇಲ್ಲವೆಂದೇ ಹೇಳಬೇಕು. ಬಾಲ್ಯದಲ್ಲಿ ಮೂಳೆಯು ಒಳಗೊಳಗೇ ಟೊಳ್ಳಾಗುತ್ತ ಹೋಗಿ, ಹರೆಯದ ಹೊತ್ತಿಗೆ ಕೋಣೆಯು ಬಹುಮಟ್ಟಿಗೆ ಪೂರ್ತಿಯಾಗುವುದು. ಎಷ್ಟು ಟೊಳ್ಳಾಗುವುದೆಂಬುದಕ್ಕೆ ಮಾತ್ರ ನಿಯಮವಿಲ್ಲ. ಬಹುಮಂದಿಯಲ್ಲಿ ಅದು ಗ್ರಂಥಿಯ ಅಡಿಯವರೆಗೂ ಹಬ್ಬುವುದು. ಕೆಲವರಲ್ಲಿ ಮುಂದೆಯೇ ನಿಲ್ಲುವುದು. ಅಪರೂಪವಾಗಿ ಮೂಳೆಯು ಗಟ್ಟಿಯಾಗಿಯೇ ಉಳಿಯುವುದೂ ಉಂಟು. ಧಮನಿಯ ಮೇಲಣ ಮೂಳೆಯು ಒಂದೆಡೆ ತೆರೆದುಹೋಗಿ ಬರಿಯ ಪೊರೆಯಿರುವವರೂ ಇದ್ದಾರೆ. ಮುಂದಿನ ಸೈನಸ್ಸಿನ ಗೂಡೊಂದು ಹಿಂದಕ್ಕೆ ಚಾಚಿ ದೃಷ್ಟಿನರವನ್ನು ತಬ್ಬಿಕೊಂಡಿದ್ದರೆ, ಅದನ್ನು ವರ್ಣಿಸಿದ ಹಂಗೆರಿಯ ವೈದ್ಯನ ಹೆಸರಿನಿಂದ ಓನೋಡಿ ಗೂಡೆನ್ನುವರು.

ಇದನ್ನೆಲ್ಲ ನಮಗೆ ತಿಳಿಸಿದವರು ಶಸ್ತ್ರವೈದ್ಯರು. ಮೂಳೆಗಳನ್ನು ನೋಡಲೆಂದು ಬೇರೆಯಾಗಿ ತೆಗೆಯಿಸಿದ ಸಿ. ಟಿ. ಚಿತ್ರವನ್ನು ಪರದೆಯ ಮೇಲಿಟ್ಟು, ಕೋಣೆಯನ್ನು ಎರಡಾಗಿಸುವ ನಡುಗೋಡೆಯನ್ನು ಬೆರಳಿನಿಂದ ತೋರಿಸಿದರು.

"ಇಲ್ಲಿ ನೋಡಿ ರಾಯರೆ. ಇದು ಸರಿಯಾಗಿ ನಡುವೆ ಇರುವುದೇ ಕಡಮೆ. ಇವರದು ಎಡಕ್ಕೆ ಬಾಗಿ, ಧಮನಿಯ ಮೇಲಣ ಮೂಳೆಗೇ ಕೂಡಿಕೊಂಡಿದೆ. ತಿಳಿಯದೆ ಹಿಡಿದು ತಿರುಚಿ ಕಿತ್ತರೆ ಧಮನಿಯೇ ಹರಿದೀತು. ನಾವು ಇದನ್ನು ಕೀಳುವುದಿಲ್ಲ, ಮೆಲ್ಲಮೆಲ್ಲನೆ ಸವೆಯಿಸುತ್ತೇವೆ."

ನನ್ನ ಬಾಯಿ ಒಣಗಿತು. ಆಕೆಯಾದರೋ ಚಿತ್ರವನ್ನೇ ದಿಟ್ಟಿಸಿ, "ನಮ್ಮ ಮಾವನವರ ಮನೆಯ ಪಾಲಿನ ಗೋಡೆಯ ಹಾಗೆಯೇ ಇದೆಯಲ್ಲ!" ಎಂದಳು. ವೈದ್ಯರಿಗೆ ಅದು ಅರ್ಥವಾಗಲಿಲ್ಲ. ನನ್ನ ತಂದೆಯೂ ಚಿಕ್ಕಪ್ಪನೂ ಪಾಲಾದಾಗ ಎಬ್ಬಿಸಿದ ಆ ಗೋಡೆಯು ನಡುಮನೆಯಲ್ಲಿ ಹೊರಟು ದೇವರ ಮನೆಯ ಕಂಬಕ್ಕೆ ಹೋಗಿ ಬಡಿದಿತ್ತು.

ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ರಚಿಸಿದ ಯಂತ್ರದಿಂದ 1971ರಲ್ಲಿ ಮೊದಲ ರೋಗಿಯ ತಲೆಯ ಇಂತಹ ಚಿತ್ರವನ್ನು ತೆಗೆದರು. ಅದಕ್ಕೆ ಮುಂಚೆ ಇದ್ದ ಎಕ್ಸ್-ರೇ ಹಾಳೆಯಲ್ಲಿ ನೆರಳಿನ ಮೇಲೆ ನೆರಳು ಬೀಳುತ್ತಿದ್ದುದರಿಂದ, ಇಂತಹ ಗೋಡೆಯ ಓರೆಯನ್ನು ಒಳಹೊಕ್ಕ ಮೇಲೆಯೇ ಕೈಯಿಂದ ತಿಳಿಯಬೇಕಾಗಿದ್ದ ಸಂದರ್ಭಗಳು ಎಷ್ಟಿದ್ದುವೋ!

ಶಸ್ತ್ರಚಿಕಿತ್ಸೆಯ ದಿನ ನಾಲ್ಕು ಗಂಟೆಗಳ ಕಾಲ ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ಆ ಗೋಡೆಯೊಂದನ್ನೇ ನೆನೆಯುತ್ತಿದ್ದೆನು. ಮೂರನೆಯ ದಿನ, ಮೂಗು ಸೀಟಬಾರದೆಂಬ ಕಟ್ಟಪ್ಪಣೆಯಲ್ಲಿ, ಆಕೆಯು ದಿಂಬಿಗೊರಗಿ ಎದುರಿನ ಗೋಡೆಯನ್ನು ನೋಡುತ್ತಿದ್ದಳು. ತಲೆಯನ್ನು ತಿರುಗಿಸದೆಯೇ, "ಆ ಪಕ್ಕದ ಕಿಟಕಿಯನ್ನು ಸ್ವಲ್ಪ ಮುಚ್ಚಿ, ಬಿಸಿಲು ಬರುತ್ತಿದೆ" ಎಂದಳು. ನಾನು ಎದ್ದು ಮುಚ್ಚಿದೆನು.