ಬೆಲೆ ಇಳಿದಾಗ ಎಷ್ಟಕ್ಕೆ ಕೇಳಬೇಕು?

ಮನೆಗಳ ಬೆಲೆ ಏರುತ್ತಿರುವಾಗ ಕೊಳ್ಳುವವರಿಗೆ ಒಂದೇ ಚಿಂತೆ, ಇಂದು ಬಿಟ್ಟರೆ ನಾಳೆ ಕೈಗೆಟುಕದು ಎಂದು. ಬೆಲೆ ಇಳಿಯತೊಡಗಿದಾಗ ಆ ಚಿಂತೆ ಕಡಿಮೆಯಾಗಬೇಕಿತ್ತು. ಆದರೆ ಹಾಗಾಗುವುದಿಲ್ಲ. ಈಗ ಕೊಂಡರೆ ಮುಂದಿನ ವರ್ಷ ಇನ್ನೂ ಅಗ್ಗವಾಗಬಹುದು, ಕಾದರೆ ಹಿಡಿಸಿದ ಮನೆ ಬೇರೆಯವರ ಪಾಲಾಗಬಹುದು. ಎರಡೂ ಕಡೆಯಿಂದ ಭಯ. ಜೊತೆಗೆ ನೆಂಟರಿಷ್ಟರ ಸಲಹೆಗಳು ಬೇರೆ. 2018ರ ಆರಂಭದಲ್ಲಿ ನಮ್ಮ ಕುಟುಂಬ ಇಂತಹ ಇಕ್ಕಟ್ಟಿನಲ್ಲಿತ್ತು.

ಆ ಹೊತ್ತಿಗೆ ಕರಾವಳಿಯಲ್ಲಿ ಮನೆ, ನಿವೇಶನಗಳ ವ್ಯವಹಾರ ಮಂದವಾಗಿತ್ತು. ಕಾರಣಗಳು ಎಲ್ಲರಿಗೂ ತಿಳಿದವೇ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ತೈಲ ಬೆಲೆ 2016ರ ಜನವರಿಯಲ್ಲಿ 30 ಡಾಲರಿಗಿಂತಲೂ ಕೆಳಗಿಳಿಯಿತು. ಗಲ್ಫಿನಲ್ಲಿ ಕೆಲಸಗಳು ಹೋದವು. 2016ರ ನವೆಂಬರ್ 8ರಂದು 500 ಮತ್ತು 1000ದ ನೋಟುಗಳು ರದ್ದಾದವು. 2017ರ ಜುಲೈಯಿಂದ ಸೌದಿ ಸರಕಾರವು ವಿದೇಶಿ ನೌಕರರ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ಅದು ವರ್ಷಕ್ಕೆ 100ರಂತೆ ಏರಿ 2020ಕ್ಕೆ 400 ಆಗಲಿತ್ತು. ನಾನು ಮತ್ತು ಮೂವರು ಮಕ್ಕಳು ಸೇರಿ ನಾಲ್ವರು. ತಿಂಗಳಿಗೆ 400 ರಿಯಾಲ್ ಕೊಟ್ಟೆವು. ಮುಂದೆ ಅದು 1600 ಆಗುವುದೆಂದು ಲೆಕ್ಕ ಹಾಕಿದಾಗ ಜುಬೈಲ್‌ನ ಮನೆ ಖಾಲಿ ಮಾಡಿದೆವು. ನನ್ನವರು ಅಲ್ಲೇ ಉಳಿದು ಒಂದು ಕೋಣೆಗೆ ಸೇರಿದರು. ನಾನು ಮಕ್ಕಳೊಂದಿಗೆ ಮಂಗಳೂರಿನ ಹೊರವಲಯದ ಬಾಡಿಗೆ ಮನೆಗೆ ಬಂದೆ.

ನಾವು ನೋಡಿದ ಮನೆ ಏಳು ಸೆಂಟ್ಸ್ ಜಾಗದಲ್ಲಿತ್ತು. 1100 ಚದರ ಅಡಿಯ ತಾರಸಿ ಮನೆ, ಕಟ್ಟಿ ಹನ್ನೆರಡು ವರ್ಷ. ಹಿತ್ತಲಲ್ಲಿ ಬತ್ತದ ಬಾವಿ. ಹೇಳಿದ ಬೆಲೆ 48 ಲಕ್ಷ. "2014ರಲ್ಲಿ 50ಕ್ಕೆ ಕೇಳಿದ್ದರು, ಕೊಟ್ಟಿರಲಿಲ್ಲ" ಎಂದು ಮನೆಯವರು ಹೇಳಿದರು. ಆ ಮನೆಯ ಯಜಮಾನರೂ ನಮ್ಮಂತೆ ಸೌದಿಯಲ್ಲಿದ್ದವರು. ಕೆಲಸ ಹೋಗಿ ಊರಿಗೆ ಬಂದಿದ್ದರು. ಮಗಳು ಕಾಲೇಜಿನಲ್ಲಿ, ಮಗ ಎಸ್ಸೆಸ್ಸೆಲ್ಸಿಯಲ್ಲಿ. ಸಾಲಗಾರರು ಕಾಯುತ್ತಿದ್ದರು.

ಈ ವಿಷಯ ತಿಳಿದೊಡನೆ ಬ್ರೋಕರ್ ನನ್ನ ಅಣ್ಣನಿಗೆ ಗುಟ್ಟಾಗಿ, "ಅವರಿಗೆ ತುರ್ತು ಇದೆ, 30ಕ್ಕೆ ಕೇಳಿ. ಎರಡು ತಿಂಗಳು ಸುಮ್ಮನಿದ್ದರೆ ತಾವಾಗಿಯೇ ಬರುತ್ತಾರೆ" ಎಂದರು. ಅಣ್ಣನಿಗೆ ಅದು ಸರಿಯೆನಿಸಿತು. ನನಗೆ ಸರಿಯೆನಿಸಲಿಲ್ಲ. ಆದರೆ ಬರೀ ಮರುಕದಿಂದ ಬೆಲೆ ಕಟ್ಟುವಷ್ಟು ಸ್ಥಿತಿವಂತರೂ ನಾವಾಗಿರಲಿಲ್ಲ. ಆದ್ದರಿಂದ ಮಕ್ಕಳ ನೋಟುಪುಸ್ತಕದ ಒಂದು ಹಾಳೆಯಲ್ಲಿ ಲೆಕ್ಕ ಬರೆಯಲು ಕುಳಿತೆ.

ಮೊದಲ ಲೆಕ್ಕ ಮನೆಯದ್ದು. ಕೇಳುವ ಬೆಲೆ ಬೇರೆ, ಕೈಬದಲಾದ ಬೆಲೆ ಬೇರೆ. ಆ ಪರಿಸರದಲ್ಲಿ ಎಲ್ಲರೂ ಸೆಂಟ್ಸಿಗೆ 4.5 ಲಕ್ಷ ಎನ್ನುತ್ತಿದ್ದರು. ಅಣ್ಣ ವಿಚಾರಿಸಿದಾಗ ಅದೇ ವರ್ಷ ಮಾರಾಟವಾದ ಜಾಗ ನಿಜವಾಗಿ ಹೋದದ್ದು 3.8 ಲಕ್ಷಕ್ಕೆ. ಏಳು ಸೆಂಟ್ಸಿಗೆ 26.6 ಲಕ್ಷ. ಹೊಸದಾಗಿ ಕಟ್ಟಲು ಚದರ ಅಡಿಗೆ 1500 ರೂಪಾಯಿ ಎಂದು ಮೇಸ್ತ್ರಿ ಹೇಳಿದ. ಅಂದರೆ 16.5 ಲಕ್ಷ. ಹಳೆಯದಾದ ಕಾರಣ ಕಾಲು ಭಾಗ ಕಳೆದರೆ 12.4 ಲಕ್ಷ. ಒಟ್ಟು 39 ಲಕ್ಷ. ತಾರಸಿ ಸೋರುತ್ತಿತ್ತು, ವಯರಿಂಗ್ ಬದಲಾಯಿಸಬೇಕಿತ್ತು. ಅದಕ್ಕೆ 2 ಲಕ್ಷ ಕಳೆದೆ. ಉಳಿದದ್ದು 37.

ಎರಡನೆಯ ಲೆಕ್ಕ ನಮ್ಮದು. ಬಡ್ಡಿಯ ಸಾಲ ಬೇಡವೆಂದು ಮೊದಲೇ ನಿರ್ಧರಿಸಿದ್ದೆವು. ಕೈಯಲ್ಲಿದ್ದದ್ದು 46 ಲಕ್ಷ. ನನ್ನವರ ಕೆಲಸವೂ ಯಾವಾಗ ಹೋಗುವುದೋ ಹೇಳುವಂತಿರಲಿಲ್ಲ. ಮಕ್ಕಳ ಶುಲ್ಕ ಮತ್ತು ಒಂದು ವರ್ಷದ ಮನೆಖರ್ಚಿಗೆ 5 ಲಕ್ಷ ಮುಟ್ಟಲೇಬಾರದೆಂದು ಗೆರೆ ಎಳೆದೆ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ನೋಂದಣಿ ಶುಲ್ಕ ಆಗ ಶೇ. 1 (2025ರ ಆಗಸ್ಟ್ 31ರಿಂದ ಅದು ಶೇ. 2 ಆಗಿದೆ). ಬರವಣಿಗೆ ಖರ್ಚೂ ಸೇರಿ ಸುಮಾರು 2.5 ಲಕ್ಷ. ದುರಸ್ತಿಗೆ 2 ಲಕ್ಷ. ಮನೆಗೆಂದು ಉಳಿಯುವುದು 36.5 ಲಕ್ಷ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ನಮ್ಮಿಂದಾಗದು.

ಮೂರನೆಯ ಲೆಕ್ಕ ಕಾಯುವುದರದ್ದು. ಒಂದು ವರ್ಷ ಕಾದು ಬೆಲೆ ಶೇ. 5ರಷ್ಟು ಇಳಿದರೆ ಉಳಿಯುವುದು 1.8 ಲಕ್ಷ. ಅಷ್ಟರಲ್ಲಿ ತಿಂಗಳಿಗೆ 11 ಸಾವಿರದಂತೆ ಬಾಡಿಗೆಗೆ ಹೋಗುವುದು 1.32 ಲಕ್ಷ. ಐವತ್ತು ಸಾವಿರದ ಆಸೆಗೆ ವರ್ಷವಿಡೀ ಕಾಯಬೇಕು. ಕೊಂಡು ಮಾರುವವರಿಗೆ ಕಾಯುವುದು ಲಾಭವಾಗಬಹುದು. ಇಪ್ಪತ್ತು ವರ್ಷ ಬಾಳಲು ಬಂದವರಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಕಾಗದಪತ್ರಗಳನ್ನೂ ನೋಡಿದೆವು. ಪಂಚಾಯತಿನ ನಮೂನೆ 9 ಮತ್ತು 11, ಸಬ್ ರಿಜಿಸ್ಟ್ರಾರ್ ಕಚೇರಿಯ ಇ.ಸಿ., ಎಲ್ಲವೂ ಸರಿಯಿದ್ದವು. ಸರಕಾರದ ಮಾರ್ಗಸೂಚಿ ದರವನ್ನೂ ವಿಚಾರಿಸಿದೆವು. ಪೇಟೆಯ ಬೆಲೆ ಇಳಿದರೂ ಅದು ತಾನಾಗಿ ಇಳಿಯುವುದಿಲ್ಲ. ನಾವು ಕೊಡುವ ಬೆಲೆ ಅದಕ್ಕಿಂತ ಕಡಿಮೆಯಾದರೆ ಶುಲ್ಕವನ್ನು ಮಾರ್ಗಸೂಚಿ ದರದ ಮೇಲೆಯೇ ಕಟ್ಟಬೇಕು. ವ್ಯತ್ಯಾಸ ಒಂದು ಮಿತಿ ಮೀರಿದರೆ ಅದನ್ನು ಕೊಂಡವರ ಆದಾಯವೆಂದೇ ಪರಿಗಣಿಸಿ ತೆರಿಗೆ ಕೇಳುತ್ತಾರೆ. ಪುಣ್ಯಕ್ಕೆ ನಮ್ಮ ಬೆಲೆ ಅದಕ್ಕಿಂತ ಮೇಲಿತ್ತು. ಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡಿ ಎಂಬ ಬ್ರೋಕರ್ ಮಾತನ್ನು ನಾವು ಒಪ್ಪಲಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು 2015ರ ಜೂನ್‌ನಿಂದಲೇ ಕಾನೂನು ನಿಷೇಧಿಸಿದೆ.

ಇನ್ನು ಉಳಿದದ್ದು ಅಣ್ಣನ ಪ್ರಶ್ನೆ. "30ಕ್ಕೆ ಸಿಗುವುದನ್ನು 36ಕ್ಕೆ ಯಾಕೆ ಕೊಳ್ಳುತ್ತೀ?" ನಾನೆಂದೆ, "ಅಣ್ಣಾ, ತಾರಸಿ ಸೋರುತ್ತದೆಂದು 2 ಲಕ್ಷ ಕಳೆದಿದ್ದೇನೆ. ಮನೆಯ ಕೊರತೆಗೆ ಬೆಲೆ ಇಳಿಸಬಹುದು. ಮನೆಯವರ ಕೊರತೆಗೆ ಹೇಗೆ ಇಳಿಸಲಿ? ನಾಳೆ ನಮ್ಮವರೂ ಅದೇ ವಿಮಾನದಲ್ಲಿ ಬಂದಿಳಿದರೆ?" ಅವನು ಮತ್ತೆ ಮಾತಾಡಲಿಲ್ಲ.

ಚೌಕಾಶಿಗೆಂದು ಐವತ್ತು ಸಾವಿರ ಇಟ್ಟುಕೊಂಡು 36 ಲಕ್ಷ ಎಂದೆವು. ಮೂವತ್ತು ದಿನಗಳಲ್ಲಿ ಪೂರ್ತಿ ಹಣ, ಎಲ್ಲವೂ ಬ್ಯಾಂಕ್ ಮೂಲಕ ಎಂದು ಮಾತು ಕೊಟ್ಟೆವು. ಅವರು 40ಕ್ಕೆ ನಿಂತರು. ಲೆಕ್ಕದ ಹಾಳೆಯನ್ನು ಅವರ ಮುಂದೆಯೇ ಇಟ್ಟು ಬಂದೆವು. ಒಂಬತ್ತು ದಿನಗಳ ನಂತರ ಆ ಮನೆಯ ತಾಯಿ ಫೋನ್ ಮಾಡಿದರು. "ನಿಮ್ಮಿಂದಾಗುವ ಕೊನೆಯ ಮಾತು ಹೇಳು ಮಗಳೇ." 36.5 ಎಂದೆ. ಒಪ್ಪಿದರು. ಮಗನ ಪರೀಕ್ಷೆ ಮುಗಿಯುವವರೆಗೆ ಅಲ್ಲೇ ಇರಬಹುದೇ ಎಂದು ಕೇಳಿದರು. ಬಾಡಿಗೆಯಿಲ್ಲದೆ ಇರಲಿ ಎಂದೆವು.

ಮರುವರ್ಷ ಅದೇ ಪರಿಸರದಲ್ಲಿ ಇನ್ನೊಂದು ಮನೆ ನಮ್ಮದಕ್ಕಿಂತ ಅಗ್ಗಕ್ಕೆ ಹೋಯಿತು. ಹಲವರು ಬಂದು ಅದನ್ನು ತಿಳಿಸಿದರು. ಬೆಲೆಯ ತಳ ಎಲ್ಲಿದೆಯೆಂದು ಅದು ಕಳೆದುಹೋದ ಮೇಲಷ್ಟೇ ಗೊತ್ತಾಗುವುದು. 2020ರಲ್ಲಿ ಕೊರೋನ ಬಂದು ನನ್ನವರಿಗೆ ನಾಲ್ಕು ತಿಂಗಳು ಸಂಬಳ ಬರಲಿಲ್ಲ. ಆಗ ನಮ್ಮನ್ನು ಕಾಪಾಡಿದ್ದು ನಾನು ಮುಟ್ಟಬಾರದೆಂದು ಗೆರೆ ಎಳೆದಿದ್ದ ಆ 5 ಲಕ್ಷ. ಎರಡು ಲಕ್ಷ ಅಗ್ಗಕ್ಕೆ ಮನೆ ಸಿಕ್ಕಿ, ಉಳಿದ ಹಣವನ್ನೆಲ್ಲ ಅದಕ್ಕೇ ಸುರಿದಿದ್ದರೆ ಆ ತಿಂಗಳುಗಳಲ್ಲಿ ಯಾರ ಮುಂದೆ ಕೈ ಚಾಚಬೇಕಿತ್ತೋ!

ಸಹೋದರಿಯರೇ, ಮನೆ ಕೊಳ್ಳುವ ಮಾತುಕತೆ ಗಂಡಸರ ಕೆಲಸವೆಂದು ನಾವು ಚಹಾ ಕೊಟ್ಟು ಒಳಗೆ ಸರಿಯುವುದುಂಟು. ಆದರೆ ಅಕ್ಕಿಗೆ, ಮದ್ದಿಗೆ, ಶಾಲೆಗೆ ತಿಂಗಳಿಗೆ ಎಷ್ಟು ಬೇಕೆಂದು ಸರಿಯಾಗಿ ಬಲ್ಲವರು ನಾವು. ಬೆಲೆ ಹೇಳುವ ಮೊದಲು ಆ ಲೆಕ್ಕವನ್ನು ಹಾಳೆಯ ಮೇಲೆ ಬರೆದು ಮಾತುಕತೆಯ ನಡುವೆ ಇಡಿ.